ದುಃಖದಲ್ಲಿರುವ ಕುಟುಂಬಕ್ಕೆ ಆಸರೆಯಾಗುವುದು ಹೇಗೆ? ಶ್ರಾವಕ–ಶ್ರಾವಿಕೆಯರು ತಿಳಿದಿರಬೇಕಾದ ವಿಷಯಗಳು

ಸಮಾಜದ ಒಂದು ಮನೆಯಲ್ಲಿ ಮರಣವಾದರೆ ಬಂಧುಗಳು, ನೆರೆಹೊರೆಯವರು ಕೂಡಲೇ ಸೇರುತ್ತಾರೆ. ಅಂತ್ಯಸಂಸ್ಕಾರದ ವ್ಯವಸ್ಥೆ, ದೂರದ ಊರಿನ ನೆಂಟರಿಗೆ ಸುದ್ದಿ ಮುಟ್ಟಿಸುವುದು, ಬಂದವರಿಗೆ ನೀರು, ನೆರಳು ಎಲ್ಲವೂ ಯಾರೂ ಹೇಳದೆಯೇ ನಡೆದುಹೋಗುತ್ತದೆ. ಮೊದಲ ದಿನದ ಕೆಲಸಕ್ಕೆ ನಮ್ಮ ಸಮಾಜದಲ್ಲಿ ಕೈಗಳ ಕೊರತೆ ಇಲ್ಲ.

ಕೊರತೆ ಕಾಣುವುದು ಬೇರೆ ಎರಡು ಕಡೆ. ಒಂದು, ದುಃಖದಲ್ಲಿರುವವರ ಎದುರು ಏನು ಮಾತನಾಡಬೇಕು ಎಂಬಲ್ಲಿ. ಇನ್ನೊಂದು, ಸೂತಕ ಕಳೆದು ನೆಂಟರೆಲ್ಲ ಹೊರಟುಹೋದ ಮೇಲೆ. "ಅಳಬೇಡಿ, ಅತ್ತರೆ ಕರ್ಮಬಂಧ", "ಎಲ್ಲ ಅವರವರ ಕರ್ಮ" ಎಂಬ ಮಾತುಗಳನ್ನು ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಮಗನನ್ನು ಕಳೆದುಕೊಂಡ ತಾಯಿಗೆ ಅದು ಎರಡನೇ ಪೆಟ್ಟಾಗುತ್ತದೆ. ತಾನು ದುಃಖಿಸುವುದೂ ತಪ್ಪು ಎಂದು ಆಕೆ ಬಾಯಿ ಮುಚ್ಚಿಕೊಳ್ಳುತ್ತಾಳೆ. ಶೋಕದ ಬಗ್ಗೆ ಧರ್ಮಗ್ರಂಥಗಳು ಏನು ಹೇಳುತ್ತವೆ, ಬಂಧುಗಳು ಪ್ರಾಯೋಗಿಕವಾಗಿ ಏನು ಮಾಡಬಹುದು ಎಂಬುದರ ಮಾಹಿತಿ ಇಲ್ಲಿದೆ.

ಶೋಕಿಸುವುದು ಧರ್ಮಕ್ಕೆ ವಿರುದ್ಧವೇ?

ತತ್ತ್ವಾರ್ಥಸೂತ್ರದ 9ನೇ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಆರ್ತಧ್ಯಾನದ ನಾಲ್ಕು ಭೇದಗಳನ್ನು ಹೇಳಿದ್ದಾರೆ. ಅನಿಷ್ಟ ಸಂಯೋಗ, ಇಷ್ಟ ವಿಯೋಗ, ವೇದನೆ ಮತ್ತು ನಿದಾನ. ಪ್ರೀತಿಪಾತ್ರರ ಅಗಲಿಕೆಯಿಂದ ಮನಸ್ಸು ಮತ್ತೆ ಮತ್ತೆ ಅಲ್ಲಿಗೇ ಹೋಗುವುದು ಇಷ್ಟ ವಿಯೋಗದ ಆರ್ತಧ್ಯಾನ. ಅದರಿಂದ ಹೊರಬರಬೇಕು ಎಂಬುದೇ ಶಾಸ್ತ್ರದ ಆಶಯ. ಇದರಲ್ಲಿ ಸಂದೇಹವಿಲ್ಲ.

ಆದರೆ ಅದೇ ಅಧ್ಯಾಯ ಈ ಧ್ಯಾನ ಯಾರಿಗೆ ಉಂಟಾಗುತ್ತದೆ ಎಂಬುದನ್ನೂ ಹೇಳುತ್ತದೆ. ವ್ರತವಿಲ್ಲದವರಿಗೆ, ಅಣುವ್ರತ ಪಾಲಿಸುವ ಶ್ರಾವಕರಿಗೆ, ಪ್ರಮತ್ತಸಂಯತ ಎಂಬ ಆರನೇ ಗುಣಸ್ಥಾನದಲ್ಲಿರುವ ಮುನಿಗಳಿಗೂ ಇದು ಉಂಟಾಗಬಹುದು. ಮಹಾವ್ರತ ಹೊತ್ತವರಿಗೂ ಬರಬಹುದಾದ ದುಃಖ ಸಂಸಾರಿಯೊಬ್ಬನಿಗೆ ಬಂದರೆ ಅವನು ಧರ್ಮಭ್ರಷ್ಟನಾದ ಎನ್ನಲು ಆಧಾರವಿಲ್ಲ.

ಇನ್ನೊಂದು ವಿಷಯವನ್ನು ಹೇಳುವವರೂ ಗಮನಿಸಬೇಕು. ಅಸಾತಾ ವೇದನೀಯ ಕರ್ಮದ ಆಸ್ರವಕ್ಕೆ ದುಃಖ, ಶೋಕ, ಆಕ್ರಂದನ ಮುಂತಾದವು ಕಾರಣ ಎಂದು 6ನೇ ಅಧ್ಯಾಯದಲ್ಲಿದೆ. ಅವು ತನ್ನಲ್ಲಿರಲಿ, ಇತರರಲ್ಲಿ ಉಂಟುಮಾಡಿದ್ದಿರಲಿ, ಎರಡೂ ಕಾರಣವೇ. ಅಳುವವರಿಗೆ ಈ ಸೂತ್ರ ನೆನಪಿಸುವವರು ಅದರ ಎರಡನೇ ಭಾಗವನ್ನು ಮರೆಯಬಾರದು. ಗದರುವ ಮಾತಿನಿಂದ ಶೋಕ ಹೆಚ್ಚಿಸಿದರೆ ಕರ್ಮಬಂಧ ಹೇಳಿದವರಿಗೂ ತಪ್ಪಿದ್ದಲ್ಲ. ಅದರ ಮುಂದಿನ ಸೂತ್ರದಲ್ಲೇ ಜೀವಿಗಳ ಮೇಲಿನ ಅನುಕಂಪೆ ಸಾತಾ ವೇದನೀಯಕ್ಕೆ ಕಾರಣ ಎಂದು ಹೇಳಿದೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣ ಮತ್ತು ವಾತ್ಸಲ್ಯ ಎರಡು. ಧರ್ಮದಿಂದ ಜಾರುತ್ತಿರುವವರನ್ನು ಮತ್ತೆ ನೆಲೆಗೊಳಿಸುವುದು ಸ್ಥಿತಿಕರಣ. ಸಹಧರ್ಮಿಗಳನ್ನು ಕಪಟವಿಲ್ಲದೆ ಪ್ರೀತಿಸುವುದು ವಾತ್ಸಲ್ಯ. ದುಃಖದ ಮನೆಗೆ ಹೋಗುವುದು ಲೋಕಾಚಾರ ಮಾತ್ರವಲ್ಲ, ಈ ಎರಡು ಅಂಗಗಳ ಆಚರಣೆ. ಇವೆರಡೂ ಜೊತೆಗಿರಬೇಕು. ವಾತ್ಸಲ್ಯವಿಲ್ಲದೆ ಸ್ಥಿತಿಕರಣಕ್ಕೆ ಹೊರಟರೆ ಅದು ಬರೀ ಉಪದೇಶವಾಗುತ್ತದೆ.

ಪದ್ಮಪುರಾಣದ ಪ್ರಸಂಗ

7ನೇ ಶತಮಾನದ ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಲಕ್ಷ್ಮಣ ತೀರಿಕೊಂಡಾಗ ರಾಮ ಅದನ್ನು ಒಪ್ಪಿಕೊಳ್ಳುವುದಿಲ್ಲ. ತಮ್ಮನ ದೇಹವನ್ನು ಹೊತ್ತು ತಿರುಗುತ್ತಾನೆ, ಸ್ನಾನ ಮಾಡಿಸುತ್ತಾನೆ, ಊಟ ಮಾಡಿಸಲು ನೋಡುತ್ತಾನೆ. ವಿಭೀಷಣ ಮುಂತಾದವರು ಸಂಸಾರದ ಸ್ವರೂಪವನ್ನು ವಿವರಿಸಿ ಸಂಸ್ಕಾರ ಮಾಡಲು ಹೇಳಿದರೂ ರಾಮ ಕೇಳುವುದಿಲ್ಲ. ಹೀಗೆ ಆರು ತಿಂಗಳು ಕಳೆಯುತ್ತದೆ.

ಆಗ ದೇವಗತಿಯಲ್ಲಿದ್ದ ಜಟಾಯು ಮತ್ತು ಸೇನಾಪತಿ ಕೃತಾಂತವಕ್ತ್ರನ ಜೀವಗಳು ಸಹಾಯಕ್ಕೆ ಬರುತ್ತವೆ. ರಾಮನ ಕಣ್ಣೆದುರೇ ಒಣಗಿದ ಮರಕ್ಕೆ ನೀರೆರೆಯುತ್ತವೆ, ಬಂಡೆಯ ಮೇಲೆ ಬೀಜ ಬಿತ್ತುತ್ತವೆ, ಬೆಣ್ಣೆಗಾಗಿ ನೀರನ್ನು ಕಡೆಯುತ್ತವೆ, ಎಣ್ಣೆಗಾಗಿ ಮರಳನ್ನು ಗಾಣಕ್ಕೆ ಹಾಕುತ್ತವೆ. ಇದೆಂಥ ಮರುಳುತನ ಎಂದು ರಾಮನೇ ಕೇಳುತ್ತಾನೆ. ಹಾಗೆ ಕೇಳುತ್ತಲೇ ತನ್ನ ಸ್ಥಿತಿ ಅವನಿಗೆ ಕಾಣುತ್ತದೆ. ತಮ್ಮನ ಸಂಸ್ಕಾರ ಮಾಡುತ್ತಾನೆ, ಮುಂದೆ ದೀಕ್ಷೆ ಪಡೆದು ಮೋಕ್ಷ ಹೊಂದುತ್ತಾನೆ.

ಇಲ್ಲಿ ಮೂರು ಅಂಶಗಳಿವೆ. ಎಂಟನೇ ಬಲಭದ್ರನಾದ ಶಲಾಕಾಪುರುಷನೂ ಶೋಕದಲ್ಲಿ ದಿಕ್ಕುತಪ್ಪಿದ. ವಿಭೀಷಣನ ಉಪದೇಶ ಸತ್ಯವೇ ಆಗಿದ್ದರೂ ಆ ಹೊತ್ತಿಗೆ ಅದು ಒಳಗಿಳಿಯಲಿಲ್ಲ. ಕೊನೆಗೆ ನೆರವಾದವರು ಅವನು ತಾನೇ ಕಂಡುಕೊಳ್ಳುವಂತೆ ಮಾಡಿದರು. ಅನಿತ್ಯ ಭಾವನೆಯ ಮಾತಿಗೂ ಒಂದು ಸಮಯವಿದೆ.

ಮೊದಲ ದಿನಗಳಲ್ಲಿ ಮಾಡಬಹುದಾದ ಕೆಲಸ

"ಏನಾದರೂ ಬೇಕಿದ್ದರೆ ಹೇಳಿ" ಎಂದು ಹೇಳಿ ಬರುವುದು ವಾಡಿಕೆ. ದುಃಖದಲ್ಲಿರುವವರು ಸಾಮಾನ್ಯವಾಗಿ ಏನನ್ನೂ ಕೇಳುವುದಿಲ್ಲ. ಬೇಕಾದ್ದೇನೆಂದು ಅವರಿಗೇ ತಿಳಿದಿರುವುದಿಲ್ಲ. ಅದರ ಬದಲು ಒಂದು ಕೆಲಸವನ್ನು ಹೆಸರಿಟ್ಟು ವಹಿಸಿಕೊಳ್ಳುವುದು ಒಳ್ಳೆಯದು. "ಅಕ್ಕಾ, ನಾಳೆ ಮಕ್ಕಳನ್ನು ಶಾಲೆಗೆ ನಾನು ಬಿಡ್ತೀನಿ", "ಹಸುವಿನ ಹಾಲು ಕರೆಯೋಕೆ ವಾರ ಪೂರ್ತಿ ನಮ್ಮ ಹುಡುಗ ಬರ್ತಾನೆ" ಎಂಬಂಥ ಮಾತು ಭಾರ ಇಳಿಸುತ್ತದೆ.

ಊಟದ ವಿಷಯದಲ್ಲಿ ಜೈನ ಮನೆಗೆ ಕೆಲವು ಸೂಕ್ಷ್ಮಗಳಿವೆ. ಅನೇಕ ಮನೆಗಳಲ್ಲಿ ಸಂಸ್ಕಾರ ಮುಗಿಯುವವರೆಗೆ ಒಲೆ ಹಚ್ಚುವುದಿಲ್ಲ. ಸ್ಮಶಾನದಿಂದ ಬಂದು ಸ್ನಾನ ಮುಗಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ರಾತ್ರಿಭೋಜನ ತ್ಯಾಗವಿರುವ ಹಿರಿಯರಿಗೆ ಸೂರ್ಯಾಸ್ತದೊಳಗೆ ಊಟ ತಲುಪದಿದ್ದರೆ ಮರುದಿನ ಬೆಳಿಗ್ಗೆಯವರೆಗೆ ಉಪವಾಸವೇ ಗತಿ. ಏಕಭುಕ್ತ ಮಾಡುವ ಅಜ್ಜಿ ಇದ್ದರೆ ಆ ಒಂದು ಹೊತ್ತನ್ನು ಯಾರಾದರೂ ಗಮನದಲ್ಲಿಟ್ಟಿರಬೇಕು. ಆದ್ದರಿಂದ ಊಟದ ಹೊಣೆ ಹೊರುವವರು ಮೂರು ವಿಷಯ ಕೇಳಿಕೊಳ್ಳಬೇಕು:

• ಮನೆಯಲ್ಲಿ ಯಾರಿಗೆ ಯಾವ ವ್ರತ, ನಿಯಮಗಳಿವೆ?
• ಕಂದಮೂಲ, ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರು ಯಾರು? ಅಷ್ಟಮಿ, ಚತುರ್ದಶಿಗೆ ಏನು ಪದ್ಧತಿ?
• ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಇದ್ದಾರೆಯೇ? ಮಾತ್ರೆ ಎಲ್ಲಿದೆ?

ಗಂಜಿ, ಅನ್ನ–ಸಾರು, ಮಜ್ಜಿಗೆ ಸಾಕು. ಸೋಸಿದ ನೀರು ಸಾಕಷ್ಟಿರಲಿ. ದುಃಖದಲ್ಲಿ ಹಸಿವು ತಿಳಿಯುವುದಿಲ್ಲ. ಒತ್ತಾಯಿಸದೆ, ಎದುರಿಗೆ ಕೂತು ಎರಡು ತುತ್ತು ಜೊತೆಗೆ ತಿಂದರೆ ಅವರೂ ತಿನ್ನುತ್ತಾರೆ.

ಮಾತು: ಏನು ಹೇಳಬಹುದು, ಏನನ್ನು ಬಿಡಬೇಕು

ಮಾತಿಗಿಂತ ಇರುವಿಕೆ ದೊಡ್ಡದು. ಕೈ ಹಿಡಿದು ಸುಮ್ಮನೆ ಕೂತರೂ ಸಾಕು. ಅಗಲಿದವರ ಹೆಸರು ಹೇಳಿ ಮಾತನಾಡುವುದಕ್ಕೆ ಹಿಂಜರಿಯಬೇಕಿಲ್ಲ. "ಅಪ್ಪಾಜಿ ಪ್ರತಿ ಪರ್ವದಲ್ಲೂ ಅಭಿಷೇಕಕ್ಕೆ ಎಲ್ಲರಿಗಿಂತ ಮೊದಲು ಬರ್ತಿದ್ರು" ಎಂಬ ಒಂದು ನೆನಪು ಹತ್ತು ಸಮಾಧಾನದ ಮಾತಿಗೆ ಸಮ. ಅದೇ ಕಥೆಯನ್ನು ಅವರು ನಾಲ್ಕನೇ ಸಲ ಹೇಳಿದರೂ ಕೇಳಿಸಿಕೊಳ್ಳಬೇಕು. ಹೇಳಿ ಹೇಳಿಯೇ ಸಾವು ಅವರಿಗೆ ನಿಜವಾಗುತ್ತಾ ಬರುತ್ತದೆ.

ಬಿಡಬೇಕಾದ ಮಾತುಗಳು:

• "ವಯಸ್ಸಾಗಿತ್ತಲ್ಲ, ಒಳ್ಳೆಯ ಸಾವು ಬಿಡಿ." ತೊಂಬತ್ತರ ತಾಯಿಯೂ ಮಗಳಿಗೆ ತಾಯಿಯೇ.
• "ಇನ್ನೊಂದು ಮಗು ಆಗುತ್ತೆ." ಒಂದು ಜೀವಕ್ಕೆ ಇನ್ನೊಂದು ಬದಲಿಯಲ್ಲ.
• "ಆ ಆಸ್ಪತ್ರೆಗೆ ಹೋಗಬಾರದಿತ್ತು." ಹೋಗಿಯಾಯಿತು. ಈಗ ಅದು ಪಶ್ಚಾತ್ತಾಪವನ್ನಷ್ಟೇ ಹೆಚ್ಚಿಸುತ್ತದೆ.
• "ನೀವು ಗಂಡಸರು, ಧೈರ್ಯವಾಗಿರಬೇಕು." ಗಂಡಸರ ದುಃಖ ಒಳಗೇ ಉಳಿಯುವುದಕ್ಕೆ ಈ ಮಾತೂ ಒಂದು ಕಾರಣ.
• "ಯಾವ ಜನ್ಮದ ಪಾಪವೋ ನಿಮಗೆ ಹೀಗಾಯಿತು."

ಕೊನೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು. ಮಗುವನ್ನು ಕಳೆದುಕೊಂಡ ತಂದೆತಾಯಿ "ನಾವು ಮಾಡಿದ ಪಾಪಕ್ಕೆ ಮಗು ಹೋಯಿತು" ಎಂದು ತಮ್ಮನ್ನೇ ಶಿಕ್ಷಿಸಿಕೊಳ್ಳುತ್ತಾರೆ. ಸಿದ್ಧಾಂತ ಹೇಳುವುದು ಹಾಗಲ್ಲ. ಎಂಟು ಕರ್ಮಗಳಲ್ಲಿ ಆಯುಕರ್ಮ ಪ್ರತಿ ಜೀವಕ್ಕೂ ಅದರದೇ. ಒಂದು ಜೀವದ ಆಯುಸ್ಸನ್ನು ಇನ್ನೊಂದು ಜೀವದ ಕರ್ಮ ನಿರ್ಧರಿಸುವುದಿಲ್ಲ. ಏಕತ್ವ ಮತ್ತು ಅನ್ಯತ್ವ ಭಾವನೆಗಳ ತಿರುಳೂ ಇದೇ. ತಾವಾಗಿ ಕೇಳಿದಾಗ ಇದನ್ನು ಮೃದುವಾಗಿ ಹೇಳಿದರೆ ಕರ್ಮಸಿದ್ಧಾಂತ ಹೊರೆಯಾಗದೆ ಆಸರೆಯಾಗುತ್ತದೆ.

ಸೂತಕದ ದಿನಗಳು

ಸಮೀಪದ ಬಂಧುಗಳಿಗೆ ಸಾಮಾನ್ಯವಾಗಿ 12 ದಿನ ಸೂತಕ ಪಾಲಿಸುವ ರೂಢಿ ಹೆಚ್ಚಿನ ದಿಗಂಬರ ಮನೆಗಳಲ್ಲಿದೆ. ಸಂಬಂಧ ದೂರವಾದಂತೆ ದಿನ ಕಡಿಮೆಯಾಗುತ್ತದೆ. ಊರಿನಿಂದ ಊರಿಗೆ ವ್ಯತ್ಯಾಸವೂ ಇದೆ. ಈ ಅವಧಿಯಲ್ಲಿ ಅಭಿಷೇಕ, ಪೂಜೆ, ಆಹಾರದಾನದಿಂದ ದೂರವಿರುತ್ತಾರೆ. ನಿತ್ಯ ಬಸದಿಗೆ ಹೋಗುತ್ತಿದ್ದವರಿಗೆ ಧೈರ್ಯ ಬೇಕಾದ ಹೊತ್ತಿನಲ್ಲೇ ಆ ನೆಲೆ ತಪ್ಪಿದಂತಾಗುತ್ತದೆ. ಆದರೆ ಮನಸ್ಸಿನಲ್ಲಿ ಪಂಚನಮಸ್ಕಾರ ಮಂತ್ರದ ಸ್ಮರಣೆಗೆ, ಭಾವನೆಗಳ ಚಿಂತನೆಗೆ ಅಡ್ಡಿಯಿಲ್ಲ. ಸಂಜೆ ಅರ್ಧ ಗಂಟೆ ಜೊತೆಗೆ ಕೂತು ಮೌನವಾಗಿ ಸ್ಮರಣೆ ಮಾಡುವ ಒಬ್ಬಿಬ್ಬರು ಬಂಧುಗಳಿದ್ದರೆ ದೊಡ್ಡ ಸಮಾಧಾನ.

ಕರ್ಮಾಂತರದ ಬಗ್ಗೆ ಹೆದರಿಸುವವರೂ ಈ ದಿನಗಳಲ್ಲಿ ಸಿಗುತ್ತಾರೆ. "ಇಷ್ಟು ಖರ್ಚು ಮಾಡದಿದ್ದರೆ ಹೋದವರ ಆತ್ಮ ಅಲೆಯುತ್ತದೆ" ಎಂಬ ಮಾತಿಗೆ ಜೈನ ಸಿದ್ಧಾಂತದಲ್ಲಿ ಸ್ಥಾನವಿಲ್ಲ. ದೇಹ ಬಿಟ್ಟ ಜೀವ ವಿಗ್ರಹಗತಿಯಲ್ಲಿ ಕೆಲವೇ ಸಮಯಗಳಲ್ಲಿ ಮುಂದಿನ ಜನ್ಮ ತಲುಪುತ್ತದೆ. ಇಲ್ಲಿ 'ಸಮಯ' ಎಂದರೆ ಕಾಲದ ಅತಿ ಸೂಕ್ಷ್ಮ ಘಟಕ. ಅಗಲಿದವರ ಹೆಸರಿನಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಕೈಲಾದದ್ದನ್ನು ಮಾಡಿದರೆ ಸಾಕು. ಸಾಲ ಮಾಡಿ ಊಟ ಹಾಕಿಸುವಂತೆ ಒತ್ತಾಯಿಸದಿರುವುದೂ ಆ ಕುಟುಂಬಕ್ಕೆ ಮಾಡುವ ಸಹಾಯವೇ.

13ನೇ ದಿನದ ನಂತರ

ನೆಂಟರ ಕೊನೆಯ ಬಸ್ಸು ಹೊರಟ ಮೇಲೆ ಮನೆಯಲ್ಲಿ ಉಳಿಯುವುದು ಖಾಲಿ ಕುರ್ಚಿ, ಮಡಚಿಟ್ಟ ಬಟ್ಟೆ, ಯಾರೂ ಎತ್ತದ ಮೊಬೈಲ್. ನಿಜವಾದ ಒಂಟಿತನ ಇಲ್ಲಿಂದ ಆರಂಭ. ಬಂಧುಗಳು ಮೊದಲ ದಿನ ಬಂದದ್ದಕ್ಕಿಂತ ನಲವತ್ತನೇ ದಿನ ಬಂದದ್ದು ಹೆಚ್ಚು ನೆನಪಿರುತ್ತದೆ. ನಾಲ್ಕೈದು ಮನೆಯವರು ವಾರಕ್ಕೊಬ್ಬರಂತೆ ಸರದಿ ಹಂಚಿಕೊಂಡರೆ ಯಾರಿಗೂ ಹೊರೆಯಾಗುವುದಿಲ್ಲ.

ಈ ಹಂತದಲ್ಲಿ ಕಾಗದಪತ್ರದ ಕೆಲಸವೂ ಇರುತ್ತದೆ. ತಿಳಿದವರೊಬ್ಬರು ಜೊತೆಗೆ ಓಡಾಡಿದರೆ ಉಪಕಾರ.

• ಮರಣ ನೋಂದಣಿ: 21 ದಿನಗಳೊಳಗೆ ಮಾಡಿಸಿದರೆ ತಡಶುಲ್ಕವಿಲ್ಲ. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಆಸ್ಪತ್ರೆಯೇ ವರದಿ ಮಾಡುತ್ತದೆ. ಮನೆಯಲ್ಲಾದರೆ ಕುಟುಂಬದವರೇ ಸ್ಥಳೀಯ ನೋಂದಣಾಧಿಕಾರಿಗೆ ತಿಳಿಸಬೇಕು. ಪ್ರಮಾಣಪತ್ರದ ಹಲವು ಪ್ರತಿಗಳನ್ನು ಪಡೆದಿಟ್ಟುಕೊಳ್ಳುವುದು ಒಳ್ಳೆಯದು.
• ಬ್ಯಾಂಕ್ ಪಾಸ್‌ಬುಕ್ ಪರಿಶೀಲನೆ: ವರ್ಷಕ್ಕೆ 436 ರೂ. ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ ಇರಬಹುದು. ಅದರಲ್ಲಿ ನಾಮಿನಿಗೆ 2 ಲಕ್ಷ ರೂ. ಸಿಗುತ್ತದೆ. 20 ರೂ. ಕಡಿತವಾಗಿದ್ದರೆ ಸುರಕ್ಷಾ ವಿಮೆ. ಅಪಘಾತದ ಮರಣಕ್ಕೆ ಅದರಲ್ಲೂ 2 ಲಕ್ಷ ರೂ. ಇದೆ. ಕುಟುಂಬಕ್ಕೆ ಗೊತ್ತಿಲ್ಲದೇ ಉಳಿದುಹೋಗಬಹುದಾದ ಹಣವಿದು.
• ವಂಶವೃಕ್ಷ: ಖಾತೆ ಬದಲಾವಣೆ ಮುಂತಾದವಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು.

ಆಸ್ತಿ ಹಂಚಿಕೆ, ಮನೆ ಮಾರಾಟದಂಥ ದೊಡ್ಡ ನಿರ್ಧಾರಗಳಿಗೆ ಅವಸರಪಡಿಸಬಾರದು. ದುಃಖದ ಭರದಲ್ಲಿ ಹಾಕಿದ ಸಹಿಗೆ ಆಮೇಲೆ ಪರಿತಪಿಸುವವರಿದ್ದಾರೆ.

ಮೊದಲ ವರ್ಷದ ಪರ್ವಗಳು ಕಠಿಣ. ಯುಗಾದಿ, ಮಹಾವೀರ ಜಯಂತಿ, ದೀಪಾವಳಿಯ ನಿರ್ವಾಣ ಪೂಜೆ, ಅಗಲಿದವರ ಜನ್ಮದಿನ ಇವುಗಳ ಹಿಂದಿನ ದಿನ ಒಂದು ಫೋನ್ ಮಾಡಬೇಕು. ದಶಲಕ್ಷಣ ಪರ್ವದ ನಂತರದ ಕ್ಷಮಾವಣಿ ವಿಶೇಷ ದಿನ. "ಕೊನೆಯ ದಿನ ಅವರ ಮೇಲೆ ರೇಗಿಬಿಟ್ಟೆ, ಕ್ಷಮೆ ಕೇಳಲು ಆಗಲಿಲ್ಲ" ಎಂಬ ಕೊರಗು ಅನೇಕರಲ್ಲಿರುತ್ತದೆ. ಕ್ಷಮಾಭಾವ ಎಲ್ಲ ಜೀವಗಳ ಕುರಿತಾದದ್ದು. ಅಗಲಿದ ಜೀವ ಎಲ್ಲೇ ಇರಲಿ, ಅದರ ಕ್ಷಮೆಯನ್ನೂ ಮನಸಾರೆ ಕೇಳಬಹುದು ಎಂದು ಹೇಳಿದರೆ ಕಟ್ಟಿಕೊಂಡ ದುಃಖ ಸಡಿಲವಾಗುತ್ತದೆ.

ದುಃಖ ಮೆಟ್ಟಿಲು ಇಳಿದಂತೆ ಕ್ರಮವಾಗಿ ಇಳಿಯುವುದಿಲ್ಲ. ಎಲಿಸಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಹೇಳಿದ 'ಐದು ಹಂತಗಳು' ಮೂಲತಃ ಸಾವಿನ ಅಂಚಿನಲ್ಲಿದ್ದ ರೋಗಿಗಳ ಕುರಿತಾದವು. ದುಃಖಿಗಳೆಲ್ಲ ಅದೇ ಕ್ರಮದಲ್ಲಿ ಸಾಗಬೇಕೆಂದಿಲ್ಲ. ಬೆಳಿಗ್ಗೆ ಅಂಗಡಿ ತೆರೆದು ನಗುತ್ತಾ ವ್ಯಾಪಾರ ಮಾಡಿದವರು ಸಂಜೆ ಅಳಬಹುದು. ನಕ್ಕದ್ದನ್ನು ನೋಡಿ "ಆಗಲೇ ಮರೆತರು" ಎನ್ನುವುದೂ, ಅತ್ತದ್ದನ್ನು ನೋಡಿ "ಇನ್ನೂ ಮುಗಿದಿಲ್ಲವೇ" ಎನ್ನುವುದೂ ತಪ್ಪು.

ಮಕ್ಕಳಿಗೆ ಹೇಳುವಾಗ

"ಅಜ್ಜ ಮಲಗಿದ್ದಾರೆ", "ಊರಿಗೆ ಹೋಗಿದ್ದಾರೆ" ಎಂದರೆ ಮಗು ಕಾಯುತ್ತದೆ, ಅಥವಾ ಮಲಗಲು ಹೆದರುತ್ತದೆ. "ಅಜ್ಜನ ದೇಹ ಕೆಲಸ ಮಾಡುವುದು ನಿಲ್ಲಿಸಿತು. ಇನ್ನು ಬರುವುದಿಲ್ಲ. ಜೀವಕ್ಕೆ ಸಾವಿಲ್ಲ, ಅದು ಬೇರೆ ಕಡೆ ಹುಟ್ಟುತ್ತದೆ" ಎಂದು ಸರಳವಾಗಿ ಹೇಳಬಹುದು. ತಾನು ಹಟ ಮಾಡಿದ್ದಕ್ಕೆ ಹೀಗಾಯಿತೇ ಎಂಬ ಸಂಶಯ ಮಕ್ಕಳಲ್ಲಿರುತ್ತದೆ. ಹಾಗಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು.

ಪತಿಯನ್ನು ಕಳೆದುಕೊಂಡ ಮಹಿಳೆ

ಕುಂಕುಮ, ಬಳೆ, ಉಡುಗೆಯ ವಿಷಯದಲ್ಲಿ ಆಕೆಯ ಇಚ್ಛೆಯೇ ಮುಖ್ಯ. ಹತ್ತು ಜನರ ಎದುರು ಕಿತ್ತು ತೆಗೆಯುವ ಪದ್ಧತಿ ಅನುಕಂಪೆಗೂ ಅಹಿಂಸೆಗೂ ಹೊಂದುವುದಿಲ್ಲ. ಸೂತಕ ಕಳೆದ ಮೇಲೆ ಬಸದಿಯ ಪೂಜೆ, ಸ್ವಾಧ್ಯಾಯ, ಪಂಚಕಲ್ಯಾಣ ಎಲ್ಲಕ್ಕೂ ಮನೆಗೆ ಹೋಗಿ ಕರೆಯಬೇಕು. ಮೊದಲ ಸಲ ಬಸದಿಗೆ ಬರುವ ದಿನ ಪಕ್ಕದಲ್ಲಿ ನಡೆಯುವವರು ಒಬ್ಬರಿರಲಿ.

ಸಲ್ಲೇಖನ ನಡೆದ ಮನೆಯಲ್ಲಿ

ಸಮಾಧಿಮರಣವಾದ ಮನೆಯವರಿಗೆ "ಪುಣ್ಯವಂತರು, ನೀವು ಸಂತೋಷಪಡಬೇಕು" ಎನ್ನುವುದು ಸಹಜ. ಮಿತ್ರಾನುರಾಗ ಸಲ್ಲೇಖನದ ಐದು ಅತಿಚಾರಗಳಲ್ಲಿ ಒಂದು. ಕ್ಷಪಕರ ಪರಿಣಾಮ ಕೆಡಬಾರದೆಂದು ಕುಟುಂಬದವರು ದಿನಗಟ್ಟಲೆ ಅಳು ನುಂಗಿಕೊಂಡಿರುತ್ತಾರೆ. ಎಲ್ಲ ಮುಗಿದ ಮೇಲೆ ಅದು ಒಮ್ಮೆಗೇ ಬರುತ್ತದೆ. ಹೆಮ್ಮೆ ಮತ್ತು ದುಃಖ ಒಂದೇ ಮನಸ್ಸಿನಲ್ಲಿ ಇರಬಹುದು. ಅವರಿಗೂ ಅಳಲು ಜಾಗ ಬೇಕು.

ಎಚ್ಚರಿಕೆಯ ಲಕ್ಷಣಗಳು

ಸಂಗಾತಿಯನ್ನು ಕಳೆದುಕೊಂಡವರು "ನನಗೂ ಸಾಕು, ನಾನೂ ಆಹಾರ ಬಿಡುತ್ತೇನೆ" ಎಂದು ಹೇಳುವುದುಂಟು. ಇದನ್ನು ವೈರಾಗ್ಯವೆಂದು ಭಾವಿಸಿ ಸುಮ್ಮನಿರಬಾರದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಹೇಳಿರುವ ಸಂದರ್ಭಗಳು ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗ. ಅದರಲ್ಲಿ ಶೋಕ ಇಲ್ಲ. ಸಾವನ್ನು ಬಯಸುವ ಮರಣಾಶಂಸೆಯೂ ಅತಿಚಾರವೇ. ದುಃಖದಿಂದ ಊಟ ಬಿಡುವುದು ಸಲ್ಲೇಖನವಲ್ಲ, ಸಹಾಯ ಬೇಕೆಂಬ ಸೂಚನೆ.

ಕೆಳಗಿನವು ಕಂಡರೆ ವೈದ್ಯರ ನೆರವು ಪಡೆಯಬೇಕು:

• ಸಾಯುವ ಮಾತು, ಅದಕ್ಕೆ ಸಿದ್ಧತೆ, ಇದ್ದಕ್ಕಿದ್ದಂತೆ ವಸ್ತುಗಳನ್ನು ಹಂಚುವುದು
• ದಿನಗಟ್ಟಲೆ ಊಟ, ನೀರು, ನಿದ್ರೆ ಬಿಡುವುದು
• ನಿತ್ಯದ ಮಾತ್ರೆಗಳನ್ನು ನಿಲ್ಲಿಸುವುದು, ಮದ್ಯ ಅಥವಾ ನಿದ್ರೆ ಮಾತ್ರೆಗೆ ಮೊರೆಹೋಗುವುದು
• ಆರು ತಿಂಗಳ ನಂತರವೂ ನಿತ್ಯದ ಬದುಕು ಸಾಗದಷ್ಟು ತೀವ್ರ ದುಃಖ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ ಇದನ್ನು ದೀರ್ಘಕಾಲದ ಶೋಕದ ಸಮಸ್ಯೆ ಎಂದು ಗುರುತಿಸಿದೆ.

"ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ, ಮೃದುವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಅಂಥವರನ್ನು ಒಂಟಿಯಾಗಿ ಬಿಡಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲಿಯೂ ಮಾತನಾಡಬಹುದು. ಆತ್ಮಹತ್ಯೆಯಿಂದ ಒಬ್ಬರನ್ನು ಕಳೆದುಕೊಂಡ ಮನೆಗೆ ಕಾರಣ ವಿಚಾರಿಸುವವರು ಬೇಕಿಲ್ಲ. ಬೇರೆ ಮನೆಗಳಿಗೆ ಹೋದಂತೆಯೇ ಅಲ್ಲಿಗೂ ಹೋಗಬೇಕು.

ನೆನಪು ಉಳಿಸುವುದು

ನೆನಪಿಟ್ಟುಕೊಳ್ಳುವುದು ಮೋಹವೆಂದು ಹಿರಿಯರು ತಳ್ಳಿಹಾಕಲಿಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ತಾಯಿ ಪೋಚವ್ವೆಗಾಗಿ ಕತ್ತಲೆ ಬಸದಿ ಕಟ್ಟಿಸಿದ. 12ನೇ ಶತಮಾನದ ಆರಂಭದಲ್ಲಿ ತಾಯಿ, ಪತ್ನಿ ಲಕ್ಷ್ಮೀಮತಿ, ಗುರು ಶುಭಚಂದ್ರ ಸಿದ್ಧಾಂತದೇವರು ಒಬ್ಬರ ಹಿಂದೆ ಒಬ್ಬರು ಅಗಲಿದಾಗ ಮೂವರಿಗೂ ನಿಷಿಧಿಗಳನ್ನು ಮಾಡಿಸಿದ. ಯುದ್ಧಗಳನ್ನು ಗೆದ್ದ ಆ ದಂಡನಾಯಕನೂ ತನ್ನ ದುಃಖಕ್ಕೆ ಕಲ್ಲಿನಲ್ಲಿ ಜಾಗ ಕೊಟ್ಟ.

ಇಂದು ಅದೇ ಕೆಲಸ ಚಿಕ್ಕದಾಗಿ ನಡೆಯಬಹುದು. ಬಸದಿಯ ಗ್ರಂಥಾಲಯಕ್ಕೆ ಒಂದು ಪುಸ್ತಕ, ಬಡ ವಿದ್ಯಾರ್ಥಿಗೆ ಶುಲ್ಕ, ಗೋಶಾಲೆಗೆ ಮೇವು, ಅವರು ನೆಟ್ಟ ಮಾವಿನ ಗಿಡಕ್ಕೆ ನೀರು. ಅದನ್ನು ಮಾಡುವಾಗ ಮನೆಯವರನ್ನು ಜೊತೆಗೆ ಕರೆದುಕೊಳ್ಳುವುದು ಮುಖ್ಯ. ಅನಿತ್ಯ ಭಾವನೆಯ ಮಾತು ಆಗ ಅವರ ಬಾಯಿಂದಲೇ ಬರಬಹುದು. ಬರದಿದ್ದರೂ ಚಿಂತೆಯಿಲ್ಲ, ಮುಂದಿನ ವಾರ ಮತ್ತೆ ಹೋಗಿ ಬಾಗಿಲು ತಟ್ಟಿದರಾಯಿತು.